ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಬಿಲ್ಡ್: ಲೈಬ್ರರಿಗಳನ್ನು ಸಬ್‌ಮಾಡ್ಯೂಲ್‌ನಲ್ಲೇ ಇಟ್ಟುಕೊಳ್ಳೋದಾ, ಹೊರಗಿಂದ ತರೋದಾ?

ಅರ್ಧವಿರಾಮ (ಪ್ರಶ್ನೆ)

ಸಿ++17ರಲ್ಲಿ ಬರೆದ ಓಪನ್ ಸೋರ್ಸ್ ಡೆಸ್ಕ್‌ಟಾಪ್ ಅಪ್ಲಿಕೇಶನ್. ನೇರವಾಗಿ ಬಳಸೋದು ಐದು ಲೈಬ್ರರಿ: ಝಡ್‌ಲಿಬ್ (ಕಂಪ್ರೆಶನ್), ಲಿಬ್‌ಪಿಎನ್‌ಜಿ (ಚಿತ್ರ), ಫ್ರೀಟೈಪ್ (ಫಾಂಟ್), ಲಿಬ್‌ಕರ್ಲ್ (ನೆಟ್‌ವರ್ಕ್), ಎಸ್‌ಕ್ಯೂಲೈಟ್ (ಡೇಟಾಬೇಸ್). ಬಿಲ್ಡ್ ಸಿಮೇಕ್‌ನಲ್ಲಿ (ಬಿಲ್ಡ್ ಹೇಗೆ ಎಂದು ಬರೆದಿಡುವ ಟೂಲ್). ಐದೂ ಗಿಟ್ ಸಬ್‌ಮಾಡ್ಯೂಲ್ (ನಮ್ಮ ರೆಪೊ ಒಳಗೆ ಜೋಡಿಸಿದ ಬೇರೆ ರೆಪೊ) ಆಗಿ ಸೋರ್ಸ್ ಒಳಗೇ ಕೂತಿವೆ, ಆಡ್_ಸಬ್‌ಡೈರೆಕ್ಟರಿ ಮೂಲಕ ನಮ್ಮ ಕೋಡ್ ಜೊತೆಗೇ ಕಂಪೈಲ್ ಆಗುತ್ತವೆ.

ತೊಂದರೆ ಏನಂದರೆ: ಉಬುಂಟು 24.04ರಲ್ಲಿ ಕಟ್ಟಿದ ಬೈನರಿ ಡೆಬಿಯನ್ 12ರಲ್ಲಿ "ಜಿಲಿಬ್ಸಿ_2.38 ಸಿಗಲಿಲ್ಲ" ಎಂದು ನಿಲ್ಲುತ್ತದೆ (ಜಿಲಿಬ್ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ). ಕೋಡ್‌ನಲ್ಲಿ ಹೊಸ ಫಂಕ್ಷನ್ ಯಾವುದೂ ಇಲ್ಲ. ವಿಂಡೋಸ್ ಝಿಪ್ ಇಳಿಸಿಕೊಂಡವರಿಗೆ ಡಿಎಲ್‌ಎಲ್ (ವಿಂಡೋಸ್‌ನ ಡೈನಮಿಕ್ ಲೈಬ್ರರಿ ಫೈಲ್) ಕಾಣೆ. ಮ್ಯಾಕ್ ಬಿಲ್ಡ್‌ಗೆ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಅನ್ನು ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ ತಂದುಕೊಳ್ಳುತ್ತಿದ್ದೇವೆ, ಹಳೆಯ ಮ್ಯಾಕ್‌ಓಎಸ್‌ನಲ್ಲಿ ಅಪ್ಲಿಕೇಶನ್ ತೆರೆಯುವುದೇ ಇಲ್ಲ. ಇದರ ಮೇಲೆ ಡಿಸ್ಟ್ರೋ (ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆ) ಪ್ಯಾಕೇಜ್ ಮಾಡುವವರು "ಒಳಗೆ ತುಂಬಿಕೊಂಡ ಲೈಬ್ರರಿಗಳನ್ನು ತೆಗೆಯಿರಿ" ಎಂದು ಪದೇ ಪದೇ ಇಶ್ಯೂ ಹಾಕುತ್ತಾರೆ.

ಲೈಬ್ರರಿ ತಂದುಕೊಡುವ ವಿಸಿಪಿಕೆಜಿ, ಕೋನನ್, ಸಿಮೇಕ್‌ನದೇ ಫೆಚ್‌ಕಂಟೆಂಟ್ — ಯಾವುದಕ್ಕೆ ಹೋಗಬೇಕು? ಮೂರೂ ಪ್ಲಾಟ್‌ಫಾರ್ಮ್‌ಗೆ ಒಂದೇ ವಿಧಾನ ಸಾಕಾಗುತ್ತದಾ?

ಕೊಂಡಿಗಾರ

ಯಾವ ಟೂಲ್ ಅನ್ನೋದು ಎರಡನೇ ಪ್ರಶ್ನೆ. ಮೊದಲು ಬೇರ್ಪಡಿಸಬೇಕಾದ್ದು ಬೇರೆ ಇದೆ. ನಿಮ್ಮ ಸಿಮೇಕ್ ಫೈಲ್ "ನನಗೆ ಲಿಬ್‌ಪಿಎನ್‌ಜಿ 1.6 ಅಥವಾ ಮೇಲಿನದು ಬೇಕು" ಎಂದಷ್ಟೇ ಹೇಳಬೇಕು. ಅದು ಎಲ್ಲಿಂದ ಬರುತ್ತೆ ಅನ್ನೋದು ಸಿಮೇಕ್ ಫೈಲ್ ಒಳಗೆ ಇರಲೇಬಾರದು. ಆಡ್_ಸಬ್‌ಡೈರೆಕ್ಟರಿ ಎರಡನ್ನೂ ಗಂಟು ಹಾಕುತ್ತದೆ, ನಿಮ್ಮ ನಾಲ್ಕು ತೊಂದರೆಗಳಲ್ಲಿ ಅರ್ಧ ಆ ಗಂಟಿನದೇ.

ಹಾಗಾಗಿ ಐದಕ್ಕೂ ಫೈಂಡ್_ಪ್ಯಾಕೇಜ್ (ಲೈಬ್ರರಿ ಹುಡುಕುವ ಸಿಮೇಕ್ ಆಜ್ಞೆ) ಬರೆಯಿರಿ. ಲಿಂಕ್ ಮಾಡುವಾಗ ಇಂಪೋರ್ಟೆಡ್ ಟಾರ್ಗೆಟ್ ಹೆಸರನ್ನೇ ಕೊಡಿ: ಝಡ್‌ಲಿಬ್::ಝಡ್‌ಲಿಬ್, ಪಿಎನ್‌ಜಿ::ಪಿಎನ್‌ಜಿ, ಹೀಗೆ. ಲೈಬ್ರರಿ ಫೈಲಿನ ಪಾತ್ ಇರುವ ವೇರಿಯಬಲ್‌ಗಳನ್ನು ಮುಟ್ಟಬೇಡಿ. ಟಾರ್ಗೆಟ್ ಕೊಟ್ಟರೆ ಹೆಡರ್ ಪಾತ್, ಕಂಪೈಲ್ ಡೆಫಿನಿಶನ್, ಸ್ಟ್ಯಾಟಿಕ್ (ಲೈಬ್ರರಿಯನ್ನು ಬೈನರಿ ಒಳಗೇ ಸೇರಿಸುವುದು) ಆದಾಗ ಹಿಂದೆ ಬರಬೇಕಾದ ಮರಿ ಲೈಬ್ರರಿಗಳು (ಆ ಲೈಬ್ರರಿಗೆ ಬೇಕಾದ ಇತರ ಲೈಬ್ರರಿಗಳು) ಎಲ್ಲಾ ಜೊತೆಗೇ ಬರುತ್ತವೆ. ಪಾತ್ ಕೊಟ್ಟರೆ ಡೈನಮಿಕ್‌ನಲ್ಲಿ (ಓಡುವಾಗ ಬೇರೆ ಫೈಲಿನಿಂದ ಲೋಡ್ ಆಗುವುದು) ನಡೆದದ್ದು ಸ್ಟ್ಯಾಟಿಕ್‌ನಲ್ಲಿ "ಅನ್‌ಡಿಫೈನ್ಡ್ ರೆಫರೆನ್ಸ್" ಮಳೆ ಸುರಿಸುತ್ತದೆ.

ಇನ್ನು ಎಲ್ಲಿಂದ ತರುವುದು ಅನ್ನೋದು ಪ್ಲಾಟ್‌ಫಾರ್ಮ್‌ಗೆ ಒಂದೊಂದು ಥರ ಇದ್ದರೆ ಏನೂ ತಪ್ಪಿಲ್ಲ. ಡಿಸ್ಟ್ರೋದವರಿಗೆ ಸಿಸ್ಟಮ್ ಲೈಬ್ರರಿ. ನೀವು ಬಿಡುಗಡೆ ಮಾಡುವ ವಿಂಡೋಸ್, ಮ್ಯಾಕ್, ಲಿನಕ್ಸ್ ಬೈನರಿಗಳಿಗೆ ವಿಸಿಪಿಕೆಜಿ ಅಥವಾ ಕೋನನ್. ಐದೇ ಲೈಬ್ರರಿ, ಎಲ್ಲವೂ ಸಿ, ಬಿಲ್ಡ್ ಸಿಮೇಕ್ ಅಂದರೆ ನಾನು ವಿಸಿಪಿಕೆಜಿ ಹೇಳುತ್ತೇನೆ. ಬೈನರಿ ಪ್ಯಾಕೇಜ್‌ಗಳನ್ನು ಹತ್ತಾರು ಪ್ರಾಜೆಕ್ಟ್‌ಗಳ ನಡುವೆ ಹಂಚಿಕೊಳ್ಳುವಂಥ ಕಡೆ, ಅಥವಾ ಸಿಮೇಕ್ ಅಲ್ಲದ ಬಿಲ್ಡ್‌ಗಳು ಬೆರೆತಿರುವ ಕಡೆ ಕೋನನ್ ಹೆಚ್ಚು ಒಗ್ಗುತ್ತದೆ. ಕೋನನ್‌ಗೆ ಹೋದರೆ 2ನೇ ಆವೃತ್ತಿಯ ರೆಸಿಪಿ ಮಾತ್ರ ನೋಡಿ. 1ರ ಕಾಲದ ಬ್ಲಾಗ್ ಬರಹಗಳನ್ನು ಹಾಗೇ ನಕಲು ಮಾಡಿದರೆ ನಡೆಯುವುದಿಲ್ಲ.

ವಿಸಿಪಿಕೆಜಿಯಲ್ಲಿ ಮ್ಯಾನಿಫೆಸ್ಟ್ ವಿಧಾನವೊಂದೇ ಸರಿ. ರೆಪೊ ಬೇರಿನಲ್ಲಿ ವಿಸಿಪಿಕೆಜಿ.ಜೆಸನ್ ಇಡಿ, ಅದರಲ್ಲಿ ಡಿಪೆಂಡೆನ್ಸಿ ಪಟ್ಟಿ, ಜೊತೆಗೆ ಬಿಲ್ಟಿನ್-ಬೇಸ್‌ಲೈನ್ ಎಂಬ ಸಾಲಿನಲ್ಲಿ ವಿಸಿಪಿಕೆಜಿ ರೆಪೊದ ಒಂದು ಕಮಿಟ್‌ನ 40 ಅಕ್ಷರದ ಹ್ಯಾಶ್. ಎಲ್ಲ ಆವೃತ್ತಿಗಳೂ ಆ ಕಮಿಟ್‌ನಲ್ಲಿ ಇದ್ದಂತೆ ಗಟ್ಟಿಯಾಗುತ್ತವೆ. ಒಂದೇ ಒಂದನ್ನು ಬೇರೆ ಆವೃತ್ತಿಗೆ ಕಟ್ಟಿಹಾಕಬೇಕಾದರೆ ಓವರ್‌ರೈಡ್ಸ್. ಸಿಮೇಕ್‌ಗೆ ಟೂಲ್‌ಚೈನ್ ಫೈಲ್ ಆಗಿ ವಿಸಿಪಿಕೆಜಿಯದನ್ನು ಕೊಡಿ, ಆದರೆ ಅದನ್ನು ಸಿಮೇಕ್‌ಲಿಸ್ಟ್ಸ್ ಒಳಗೆ ಬರೆಯಬೇಡಿ, ಪ್ರಿಸೆಟ್ ಫೈಲ್‌ಗೆ (ಬಿಲ್ಡ್ ಆಯ್ಕೆಗಳನ್ನು ಬರೆದಿಡುವ ಬೇರೆ ಫೈಲ್) ಹಾಕಿ. ಆಗ ಡಿಸ್ಟ್ರೋದವರು ಪ್ರಿಸೆಟ್ ಇಲ್ಲದೆ ಬಿಲ್ಡ್ ಕೊಟ್ಟರೆ ಅದೇ ಫೈಂಡ್_ಪ್ಯಾಕೇಜ್ ಸಿಸ್ಟಮ್ ಲೈಬ್ರರಿಯನ್ನು ಹಿಡಿಯುತ್ತದೆ. ನಿಮ್ಮ ಕೋಡ್‌ನಲ್ಲಿ ಒಂದು "ಇಫ್" ಕೂಡ ಬೇಕಿಲ್ಲ.

ಸಿಐನಲ್ಲಿ (ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಎರಡು ಕಡೆ ಕಾಲು ಜಾರುತ್ತದೆ. ವಿಸಿಪಿಕೆಜಿ ರೆಪೊವನ್ನು ಆಳ 1 ಎಂದು ಶ್ಯಾಲೋ ಕ್ಲೋನ್ ಮಾಡಿದರೆ ಬೇಸ್‌ಲೈನ್ ಕಮಿಟ್, ಹಳೆಯ ಪೋರ್ಟ್‌ಗಳ ಇತಿಹಾಸ ಸಿಗದೆ ಎಡವುತ್ತದೆ. ಪೂರ್ತಿ ಇತಿಹಾಸ ಬೇಕು. ಇನ್ನೊಂದು, ಬೈನರಿ ಕ್ಯಾಶ್‌ನ ಕೀಲಿಯಲ್ಲಿ ಕಂಪೈಲರ್‌ನ ಗುರುತೂ ಸೇರಿರುತ್ತದೆ. ರನ್ನರ್ ಇಮೇಜ್ "ಲೇಟೆಸ್ಟ್" ಎಂದಿದ್ದರೆ ಕಂಪೈಲರ್ ಒಂದು ಪುಟ್ಟ ಅಂಕಿ ಮೇಲೇರಿದ ದಿನ ಕ್ಯಾಶ್ ಪೂರ್ತಿ ನಿರುಪಯೋಗಿ, ಎಲ್ಲವೂ ಮೊದಲಿನಿಂದ ಕಂಪೈಲ್. ಇಮೇಜ್‌ನ ಹೆಸರಲ್ಲಿ ಆವೃತ್ತಿ ಹಾಕಿ.

ಫೆಚ್‌ಕಂಟೆಂಟ್ ಬಗ್ಗೆ ಕೇಳಿದಿರಿ. ಸಿಮೇಕ್ 3.24ರಿಂದ ಅದರ ಡಿಕ್ಲೇರ್‌ನಲ್ಲಿ ಫೈಂಡ್_ಪ್ಯಾಕೇಜ್_ಆರ್ಗ್ಸ್ ಹಾಕಬಹುದು: ಮೊದಲು ಸಿಸ್ಟಮ್‌ನಲ್ಲಿ ಹುಡುಕು, ಇಲ್ಲದಿದ್ದರೆ ಮಾತ್ರ ಇಳಿಸು. ಟೆಸ್ಟ್ ಲೈಬ್ರರಿಗೆ, ಹೆಡರ್ ಮಾತ್ರ ಇರುವ ಲೈಬ್ರರಿಗೆ ಚೆನ್ನ. ಫ್ರೀಟೈಪ್, ಕರ್ಲ್‌ನಂಥ ಮರಿಗಳಿರುವ ಲೈಬ್ರರಿಗೆ ಬೇಡ. ಅವುಗಳ ಸಿಮೇಕ್ ಆಯ್ಕೆಗಳೆಲ್ಲಾ ನಿಮ್ಮ ಕ್ಯಾಶ್‌ನಲ್ಲೇ ಸುರಿದುಕೊಳ್ಳುತ್ತವೆ, ಟಾರ್ಗೆಟ್ ಹೆಸರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಹಳೆಕಂಪೈಲರ್

ಲಿನಕ್ಸ್ ಭಾಗ ನಾನು ಹೇಳುತ್ತೇನೆ.

"ಹೊಸ ಫಂಕ್ಷನ್ ಯಾವುದೂ ಇಲ್ಲ, ಆದರೂ 2.38 ಕೇಳುತ್ತಿದೆ" ಅಂದಿರಲ್ಲ, ಅಪರಾಧಿ ಬಹುಪಾಲು ಎಸ್‌ಟಿಆರ್‌ಟಾಲ್ ಅಥವಾ ಎಸ್‌ಸ್ಕ್ಯಾನ್‌ಎಫ್ (ಪಠ್ಯದಿಂದ ಸಂಖ್ಯೆ ಓದುವ ಫಂಕ್ಷನ್‌ಗಳು). ಜಿಲಿಬ್ಸಿ 2.38ರಿಂದ ಈ ಕುಟುಂಬದ ಫಂಕ್ಷನ್‌ಗಳು ಸಿ23ರ ಪ್ರಕಾರ 0ಬಿ ಎಂದು ಶುರುವಾಗುವ ಬೈನರಿ ಸಂಖ್ಯೆಗಳನ್ನೂ ಓದುತ್ತವೆ. ಹಳೆಯ ನಡವಳಿಕೆ ಕೆಡದಿರಲಿ ಎಂದು ಹೊಸದಕ್ಕೆ ಹೆಸರಿನ ಮುಂದೆ ಐಸೋಸಿ23 ಎಂದು ಸೇರಿಸಿದ ಬೇರೆ ಸಿಂಬಲ್ ಕೊಟ್ಟಿದ್ದಾರೆ. ಜಿ++ ತಾನಾಗಿಯೇ ಗ್ನು_ಸೋರ್ಸ್ ಮ್ಯಾಕ್ರೋ ಡಿಫೈನ್ ಮಾಡುತ್ತದೆ, ಹೆಡರ್ ಅದನ್ನು ನೋಡಿ ನಿಮ್ಮ ಸಾದಾ ಎಸ್‌ಟಿಆರ್‌ಟಾಲ್ ಕರೆಯನ್ನು ಹೊಸ ಸಿಂಬಲ್‌ಗೆ ತಿರುಗಿಸುತ್ತದೆ. ಡೆಬಿಯನ್ 12ರಲ್ಲಿರುವುದು ಜಿಲಿಬ್ಸಿ 2.36, ಉಬುಂಟು 24.04ರಲ್ಲಿ 2.39. ಹಾಗಾಗಿ ಒಂದು ಸಾಲೂ ಬದಲಿಸದೆ ಬೈನರಿ ಮುರಿಯಿತು. ನೋಡಬೇಕಿದ್ದರೆ ಬೈನರಿ ಮೇಲೆ ಆಬ್ಜ್‌ಡಂಪ್ ಅನ್ನು ದೊಡ್ಡಕ್ಷರದ "-ಟಿ" ಕೊಟ್ಟು ಓಡಿಸಿ, ಬಂದದ್ದರಲ್ಲಿ ಜಿಲಿಬ್ಸಿ_ ಇರುವ ಸಾಲುಗಳನ್ನು ಗ್ರೆಪ್ ಮಾಡಿ, ಆವೃತ್ತಿ ಪ್ರಕಾರ ಸಾರ್ಟ್ ಮಾಡಿ. ಅತಿ ಮೇಲಿನ ಅಂಕಿ ಯಾವುದೋ ಅದೇ ನಿಮ್ಮ ನೆಲ. ಈ ಪರೀಕ್ಷೆಯನ್ನು ಸಿಐನಲ್ಲಿ ಹಾಕಿ, ನೆಲ ಮೇಲೇರಿದರೆ ಬಿಲ್ಡ್ ಬೀಳಲಿ.

ಪರಿಹಾರ ಒಂದೇ: ಹಳೆಯ ಜಿಲಿಬ್ಸಿ ಮೇಲೆ ಕಟ್ಟುವುದು. ಜಿಲಿಬ್ಸಿ ಹಿಂದಿನದಕ್ಕೆ ಕಟ್ಟಿದ್ದನ್ನು ಮುಂದಿನದರಲ್ಲಿ ಓಡಿಸುತ್ತದೆ, ಉಲ್ಟಾ ಇಲ್ಲ. ಪೈಥಾನ್ ಜನ ಇದಕ್ಕೆಂದೇ ಇಟ್ಟುಕೊಂಡಿರುವ ಮೆನಿಲಿನಕ್ಸ್ ಕಂಟೇನರ್‌ಗಳನ್ನು ಪೈಥಾನ್ ಇಲ್ಲದ ಪ್ರಾಜೆಕ್ಟ್‌ಗೂ ಧಾರಾಳವಾಗಿ ಬಳಸಬಹುದು. ಮೆನಿಲಿನಕ್ಸ್_2_28 ಎಂಬುದು ಆಲ್ಮಾಲಿನಕ್ಸ್ 8ರ ಮೇಲಿದೆ, ಹೆಸರೇ ಹೇಳುವಂತೆ ಜಿಲಿಬ್ಸಿ 2.28. ಹಿಂದಿನ ಮೆನಿಲಿನಕ್ಸ್2014 ಸೆಂಟ್‌ಓಎಸ್ 7ರದು, 2.17; ಸೆಂಟ್‌ಓಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿದಿದೆ, ಹೊಸದಾಗಿ ಅಲ್ಲಿಗೆ ಹೋಗಬೇಡಿ. ನೆಲ ಹಳೆಯದಾದರೂ ಕಂಪೈಲರ್ ಹಳೆಯದಲ್ಲ. ಜಿಸಿಸಿ ಟೂಲ್‌ಸೆಟ್ ಹೊಸದೇ ಇರುತ್ತದೆ. ಆ ಟೂಲ್‌ಸೆಟ್‌ನ ಜಾಣತನ ಏನಂದರೆ, ಹಳೆಯ ಲಿಬ್‌ಎಸ್‌ಟಿಡಿಸಿ++ನಲ್ಲಿ (ಸಿ++ನ ಮೂಲ ಲೈಬ್ರರಿ) ಇಲ್ಲದ ಹೊಸ ತುಣುಕುಗಳನ್ನಷ್ಟೇ ನಿಮ್ಮ ಬೈನರಿಗೆ ಸ್ಟ್ಯಾಟಿಕ್ ಆಗಿ ಅಂಟಿಸುತ್ತದೆ. ಸಿ++17ಕ್ಕೆ ಏನೂ ಕೊರತೆಯಿಲ್ಲ.

ಈಗ ಆರ್‌ಪಾತ್, ಅಂದರೆ ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಬೈನರಿಯಲ್ಲೇ ಬರೆದಿರುವ ದಾರಿ. "ಬಿಲ್ಡ್ ಡೈರೆಕ್ಟರಿಯಲ್ಲಿ ಓಡುತ್ತೆ, ಇನ್‌ಸ್ಟಾಲ್ ಮಾಡಿದ ಮೇಲೆ ಓಡಲ್ಲ" ಅನ್ನೋದಕ್ಕೆ ಕಾರಣ, ಸಿಮೇಕ್ ಇನ್‌ಸ್ಟಾಲ್ ಹೊತ್ತಿಗೆ ಬಿಲ್ಡ್ ಆರ್‌ಪಾತನ್ನು ಕಿತ್ತುಹಾಕುತ್ತದೆ. ಇನ್‌ಸ್ಟಾಲ್_ಆರ್‌ಪಾತ್‌ಗೆ $ಒರಿಜಿನ್/../ಲಿಬ್ ಎಂದು ಕೊಡಬೇಕು ($ಒರಿಜಿನ್ ಅಂದರೆ ಬೈನರಿ ಇರುವ ಡೈರೆಕ್ಟರಿ). ಅಷ್ಟಕ್ಕೇ ಮುಗಿಯಲಿಲ್ಲ. ಈಗಿನ ಲಿಂಕರ್‌ಗಳು ಹೆಚ್ಚಾಗಿ ಬರೆಯೋದು ಆರ್‌ಪಾತ್ ಅಲ್ಲ, ರನ್‌ಪಾತ್. ರನ್‌ಪಾತ್ ನೇರ ಅವಲಂಬನೆಗೆ ಮಾತ್ರ ಲಾಗೂ. ನಿಮ್ಮ ಪ್ರೋಗ್ರಾಮ್‌ನ ರನ್‌ಪಾತ್ ನೋಡಿ ಲಿಬ್‌ಕರ್ಲ್ ಸಿಗುತ್ತದೆ. ಲಿಬ್‌ಕರ್ಲ್‌ಗೆ ಬೇಕಾದ ಲಿಬ್‌ಎಸ್‌ಎಸ್‌ಎಲ್ ಪಕ್ಕದಲ್ಲೇ ಕೂತಿದ್ದರೂ ಲೋಡರ್ ಅದನ್ನು ನೋಡುವುದಿಲ್ಲ, ಸಿಸ್ಟಮ್‌ನಲ್ಲಿ ಹುಡುಕುತ್ತದೆ. ಸಿಕ್ಕಿತೋ, ತಪ್ಪು ಆವೃತ್ತಿ, ಸಿಗದಿದ್ದರೆ ಎರರ್. ಎರಡರಲ್ಲಿ ಎರರ್ ಬರೋದೇ ಪುಣ್ಯ. ಜೊತೆಗೆ ಸಾಗಿಸುವ ಪ್ರತಿ ಡಾಟ್ ಎಸ್‌ಓ ಫೈಲ್‌ಗೂ (ಲಿನಕ್ಸ್‌ನ ಡೈನಮಿಕ್ ಲೈಬ್ರರಿ) ಪ್ಯಾಚ್‌ಎಲ್ಫ್‌ನಲ್ಲಿ $ಒರಿಜಿನ್ ಹಾಕಿ. ಶೆಲ್‌ನಲ್ಲಿ ಒಂಟಿ ಉದ್ಧರಣ ಚಿಹ್ನೆ ಮರೆತರೆ ಡಾಲರ್ ಪದ ಖಾಲಿಯಾಗಿ ಬಿಡಿಸಿಕೊಳ್ಳುತ್ತದೆ, ಪ್ಯಾಚ್‌ಎಲ್ಫ್ ಗೊಣಗುವುದೂ ಇಲ್ಲ. ಹಾಕಿದ ಮೇಲೆ ರೀಡ್‌ಎಲ್ಫ್ "-ಡಿ"ಯಲ್ಲಿ ನೋಡಿ. ಲೋಡರ್ ಎಲ್ಲೆಲ್ಲಿ ಅಲೆದಾಡಿತು ಎಂದು ತಿಳಿಯಲು ಎಲ್‌ಡಿ_ಡೀಬಗ್=ಲಿಬ್ಸ್ ಎಂದು ಇಟ್ಟು ಪ್ರೋಗ್ರಾಮ್ ಓಡಿಸಿ, ಎಲ್‌ಡಿಡಿಗಿಂತ ಹತ್ತು ಪಾಲು ಹೆಚ್ಚು ಹೇಳುತ್ತದೆ.

ಜೊತೆಗೆ ಒಯ್ಯಬಾರದವು: ಜಿಲಿಬ್ಸಿ ಮತ್ತು ಅದರ ಲೋಡರ್, ಓಪನ್‌ಜಿಎಲ್, ಗ್ರಾಫಿಕ್ಸ್ ಡ್ರೈವರ್‌ಗೆ ಸೇರಿದ್ದು. ಲಿಬ್‌ಎಸ್‌ಟಿಡಿಸಿ++ ಕೂಡ. ನೀವು ಹಳೆಯದನ್ನು ಹೊತ್ತು ತಂದರೆ, ಬಳಕೆದಾರರ ಯಂತ್ರದ ಗ್ರಾಫಿಕ್ಸ್ ಡ್ರೈವರ್ (ಅದೂ ಸಿ++ನದೇ) ಹೊಸ ಜಿಲಿಬ್‌ಸಿಎಕ್ಸ್‌ಎಕ್ಸ್ ಸಿಂಬಲ್ ಕೇಳಿ, ಸಿಗದೆ ಲೋಡ್ ಆಗುವುದಿಲ್ಲ. ಬಳಕೆದಾರರಿಗೆ ಕಾಣೋದು "ಓಪನ್‌ಜಿಎಲ್ ಕಾಂಟೆಕ್ಸ್ಟ್ ಆಗಲಿಲ್ಲ" ಅಂತ, ಲಿಬ್‌ಎಸ್‌ಟಿಡಿಸಿ++ ಮೇಲೆ ಯಾರಿಗೂ ಅನುಮಾನವೇ ಬರಲ್ಲ.

ಪೊಟ್ಟಣ

ಡಿಸ್ಟ್ರೋ ಕಡೆಯಿಂದ ನಾಲ್ಕು ಮಾತು.

ಬಿಲ್ಡ್ ಹೊತ್ತಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಡೆಬಿಯನ್, ಫೆಡೋರಾ, ನಿಕ್ಸ್, ಫ್ಲಾಟ್‌ಹಬ್ ಎಲ್ಲೂ ಇಲ್ಲ. ಕಾನ್ಫಿಗರ್ ಮಾಡುವಾಗ ಏನನ್ನಾದರೂ ಇಳಿಸಿಕೊಳ್ಳುವ ಬಿಲ್ಡ್ ನಮ್ಮಲ್ಲಿ ಅಲ್ಲೇ ಸತ್ತಂತೆ. ಫೆಚ್‌ಕಂಟೆಂಟ್ ಇಟ್ಟುಕೊಂಡರೆ ಫೆಚ್‌ಕಂಟೆಂಟ್_ಟ್ರೈ_ಫೈಂಡ್_ಪ್ಯಾಕೇಜ್_ಮೋಡ್ ಅನ್ನು ಆಲ್ವೇಸ್ ಎಂದು ಕೊಟ್ಟಾಗ ನಿಜಕ್ಕೂ ಸಿಸ್ಟಮ್ ಲೈಬ್ರರಿಯೇ ಬರುತ್ತದಾ ಎಂದು ನೆಟ್ ತೆಗೆದ ಕಂಟೇನರ್‌ನಲ್ಲಿ ನೀವೇ ಒಮ್ಮೆ ಓಡಿಸಿ ನೋಡಿ. ಮೆಸನ್ ಬಳಸುವವರಿಗೆ ಇದೇ ಕೆಲಸಕ್ಕೆ ವ್ರ್ಯಾಪ್-ಮೋಡ್=ನೋಫಾಲ್‌ಬ್ಯಾಕ್.

ಕನಿಷ್ಠ ಆವೃತ್ತಿ ಬರೆಯಿರಿ, "ಇದೇ ಆವೃತ್ತಿ" ಎಂದು ಬರೆಯಬೇಡಿ. ನಿಮ್ಮ ಬಿಡುಗಡೆಗೆ ಬೇಸ್‌ಲೈನ್ ಇದ್ದೇ ಇದೆಯಲ್ಲ. ಸಿಮೇಕ್ ಫೈಲ್‌ನಲ್ಲಿ "ಎಗ್ಸ್ಯಾಕ್ಟ್" ಕಂಡರೆ ನಾವು ಮೊದಲು ಮಾಡೋದು ಅದನ್ನು ಅಳಿಸುವ ಪ್ಯಾಚ್. ಮತ್ತೆ ಆ ಕನಿಷ್ಠ ಆವೃತ್ತಿ ಸುಳ್ಳಾಗಿರಬಾರದು: ಸಿಐನಲ್ಲಿ ಒಂದು ಜಾಬ್ ಆ ಹಳೆಯ ಆವೃತ್ತಿಗಳೇ ಇರುವ ಡಿಸ್ಟ್ರೋದಲ್ಲಿ ಕಟ್ಟಲಿ.

ಇಳಿಸುವ ಲಿಂಕ್‌ಗೆ ಎಸ್‌ಎಚ್‌ಎ256 ಹ್ಯಾಶ್ ಇರಲೇಬೇಕು, ಆದರೆ ಹ್ಯಾಶ್ ಯಾವುದರ ಮೇಲೆ ಅನ್ನೋದೂ ಮುಖ್ಯ. ಗಿಟ್‌ಹಬ್ ಟ್ಯಾಗ್‌ನಿಂದ ತಾನಾಗಿ ತಯಾರಿಸುವ ಟಾರ್‌ಬಾಲ್‌ಗಳ ಬೈಟ್‌ಗಳು ಎಂದೆಂದಿಗೂ ಹಾಗೇ ಇರುತ್ತವೆ ಎಂದು ನಂಬಿದವರಿಗೆ 2023ರ ಜನವರಿಯ ಕೊನೆಯಲ್ಲಿ ಪಾಠವಾಯಿತು: ಗಿಟ್‌ನ ಒಳಗಿನ ಕಂಪ್ರೆಶನ್ ವಿಧಾನ ಬದಲಾಗಿ, ಒಳಗಿನ ಫೈಲ್‌ಗಳು ಅವೇ ಇದ್ದರೂ ಹ್ಯಾಶ್ ಬೇರೆಯಾಗಿ ಲೆಕ್ಕವಿಲ್ಲದಷ್ಟು ಬಿಲ್ಡ್‌ಗಳು ಬಿದ್ದವು. ಬದಲಾವಣೆಯನ್ನು ಬೇಗನೆ ಹಿಂದಕ್ಕೆ ತೆಗೆದುಕೊಂಡರು. ಪ್ರಾಜೆಕ್ಟ್‌ನವರೇ ಅಪ್‌ಲೋಡ್ ಮಾಡಿದ ಬಿಡುಗಡೆ ಫೈಲ್ ಹಿಡಿಯಿರಿ, ಇಲ್ಲವೇ ಗಿಟ್ ಕಮಿಟ್. ಝಡ್‌ಲಿಬ್‌ಗೆ ಇನ್ನೊಂದು ವಿಶೇಷ ಇದೆ. ಅದರ ತಾಣದ ಮುಖಪುಟದ ಲಿಂಕ್ ಇತ್ತೀಚಿನ ಆವೃತ್ತಿಗೆ ಮಾತ್ರ. ಹೊಸದು ಬಂದ ಕೂಡಲೇ ಹಳೆಯದು "ಫಾಸಿಲ್ಸ್" ಎಂಬ ಡೈರೆಕ್ಟರಿಯಲ್ಲಿ ಮಾತ್ರ ಸಿಗುತ್ತದೆ, ನಿಮ್ಮ ಲಿಂಕ್ 404. ಮೊದಲೇ ಫಾಸಿಲ್ಸ್ ವಿಳಾಸ ಕೊಟ್ಟುಬಿಡಿ.

ಹ್ಯಾಶ್ ಹೊಂದಿತು ಅಂದ ಮಾತ್ರಕ್ಕೆ ಒಳಗಿರುವುದು ಶುದ್ಧ ಎಂದೇನಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಕಂಪ್ರೆಶನ್ ಟೂಲ್) 5.6.0, 5.6.1ರ ಹಿಂಬಾಗಿಲು ನೆನಪಿರಲಿ. ಅದನ್ನು ಚಾಲೂ ಮಾಡುವ ಎಂ4 ಫೈಲ್ ಬಿಡುಗಡೆ ಟಾರ್‌ಬಾಲ್‌ನಲ್ಲಿತ್ತು, ಗಿಟ್‌ನಲ್ಲಿರಲಿಲ್ಲ.

ಸೊನ್ನೆಒಂದು

ಇಷ್ಟೆಲ್ಲಾ ಯಾಕೆ? ಎಲ್ಲವನ್ನೂ ಸ್ಟ್ಯಾಟಿಕ್ ಲಿಂಕ್ ಮಾಡಿ ಒಂದೇ ಫೈಲ್ ಕೊಟ್ಟರೆ ಆರ್‌ಪಾತೂ ಇಲ್ಲ, ಡಿಎಲ್‌ಎಲ್ಲೂ ಇಲ್ಲ.

ಹಳೆಕಂಪೈಲರ್

ಝಡ್‌ಲಿಬ್, ಪಿಎನ್‌ಜಿ, ಫ್ರೀಟೈಪ್ ಮಟ್ಟಿಗೆ ಒಪ್ಪುತ್ತೇನೆ, ಬಿಡುಗಡೆ ಬೈನರಿಗೆ ಅದೇ ಸರಿ. ಎಲ್ಲವನ್ನೂ ಅಂದರೆ ಇಲ್ಲ.

ಜಿಲಿಬ್ಸಿಯನ್ನೇ ಸ್ಟ್ಯಾಟಿಕ್ ಮಾಡಿದರೆ ಹೋಸ್ಟ್ ಹೆಸರು ಹುಡುಕುವ ಭಾಗ ಓಡುವಾಗ ಅದೇ ಆವೃತ್ತಿಯ ಜಿಲಿಬ್ಸಿ ಫೈಲ್‌ಗಳನ್ನು ಕೇಳುತ್ತದೆ. ಲಿಂಕರ್ ಎಚ್ಚರಿಕೆಯನ್ನೂ ಕೊಡುತ್ತದೆ. ಮಸಲ್‌ಗೆ (ಜಿಲಿಬ್ಸಿ ಬದಲಿಗೆ ಬಳಸುವ ಇನ್ನೊಂದು ಸಿ ಲೈಬ್ರರಿ) ಹೋದರೆ ಸ್ಟ್ಯಾಟಿಕ್ ಪ್ರೋಗ್ರಾಮ್‌ನಿಂದ ಡಿಎಲ್‌ಓಪನ್ (ಓಡುವಾಗ ಲೈಬ್ರರಿ ಲೋಡ್ ಮಾಡುವುದು) ಆಗದು, ಅಂದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲ. ಕಮ್ಯಾಂಡ್ ಲೈನ್ ಟೂಲ್‌ಗೆ ಸೊಗಸು, ಡೆಸ್ಕ್‌ಟಾಪ್‌ಗೆ ಆಗದ ಮಾತು.

ಅರ್ಧ ಸ್ಟ್ಯಾಟಿಕ್ ಅರ್ಧ ಡೈನಮಿಕ್ ಮಾಡಿದರೆ ಇನ್ನೊಂದು ಬಲೆ. ಲಿನಕ್ಸ್‌ನಲ್ಲಿ ಸಿಂಬಲ್‌ಗಳನ್ನು ಹುಡುಕೋದು ಹೆಸರಿನಿಂದ. ವಿಂಡೋಸ್‌ನಲ್ಲಿ "ಇಂಥ ಡಿಎಲ್‌ಎಲ್‌ನ ಇಂಥ ಫಂಕ್ಷನ್" ಎಂದಿರುತ್ತದೆ, ಮ್ಯಾಕ್‌ನಲ್ಲೂ ಎರಡು ಹಂತದ ಹೆಸರು. ಲಿನಕ್ಸ್‌ನಲ್ಲಿ ಮೊದಲು ಸಿಕ್ಕವನೇ ಯಜಮಾನ. ನಿಮ್ಮ ಪ್ರೋಗ್ರಾಮ್ ಒಳಗೆ ಸ್ಟ್ಯಾಟಿಕ್ ಝಡ್‌ಲಿಬ್, ಪಕ್ಕದಲ್ಲಿ ಸಿಸ್ಟಮ್‌ನ ಡೈನಮಿಕ್ ಲಿಬ್‌ಪಿಎನ್‌ಜಿ ಇದ್ದರೆ, ಲಿಂಕರ್ ಲಿಬ್‌ಪಿಎನ್‌ಜಿಗಾಗಿ ನಿಮ್ಮ ಇನ್‌ಫ್ಲೇಟ್ (ಝಡ್‌ಲಿಬ್‌ನ ಫಂಕ್ಷನ್) ಅನ್ನು ಹೊರಗೆ ತೋರಿಸುತ್ತದೆ. ಲಿಬ್‌ಪಿಎನ್‌ಜಿ ತನ್ನ ಝಡ್‌ಲಿಬ್ ಬಿಟ್ಟು ನಿಮ್ಮದನ್ನು ಕರೆಯುತ್ತದೆ. ಝಡ್‌ಲಿಬ್ ಒಳ್ಳೆಯ ಮನೆತನದ್ದು, ತಡೆದುಕೊಳ್ಳುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಎರಡು ಆವೃತ್ತಿ ಹೀಗೆ ಬೆರೆತರೆ ಕ್ರ್ಯಾಶ್. ಒಂದು ಲೈಬ್ರರಿ ಮತ್ತು ಅದನ್ನು ಬಳಸುವವರೆಲ್ಲ ಒಂದೇ ಮೂಲದಿಂದ ಬರಬೇಕು ಅನ್ನೋದು ಇದಕ್ಕೇ. ನೀವು ಪ್ಲಗಿನ್ ಅಥವಾ ಶೇರ್ಡ್ ಲೈಬ್ರರಿ ಕಟ್ಟುತ್ತಿದ್ದರೆ ಲಿಂಕರ್‌ಗೆ ಎಕ್ಸ್‌ಕ್ಲೂಡ್-ಲಿಬ್ಸ್,ಆಲ್ ಕೊಡಿ, ಸ್ಟ್ಯಾಟಿಕ್ ಆಗಿ ನುಂಗಿದ ಸಿಂಬಲ್‌ಗಳು ಹೊರಗೆ ಕಾಣುವುದಿಲ್ಲ.

ಕರ್ಲ್‌ಗೆ ಸರ್ಟಿಫಿಕೇಟ್ ತಲೆನೋವು ಬೇರೆ. ನಂಬಿಕಸ್ಥ ಸರ್ಟಿಫಿಕೇಟ್‌ಗಳ ಫೈಲ್ ಎಲ್ಲಿದೆ ಎಂಬುದು ಬಿಲ್ಡ್ ಹೊತ್ತಿನಲ್ಲೇ ಬೈನರಿ ಒಳಗೆ ಅಚ್ಚಾಗುತ್ತದೆ. ಆಲ್ಮಾದಲ್ಲಿ ಕಟ್ಟಿದ್ದು /ಇಟಿಸಿ/ಪಿಕೆಐ ಕೆಳಗೆ ಹುಡುಕುತ್ತದೆ, ಡೆಬಿಯನ್‌ನಲ್ಲಿ ಅದು ಇರುವುದು /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್ ಕೆಳಗೆ. ಫಲ: ಕರ್ಲ್ ಎರರ್ 77. ಓಡುವಾಗ ಎರಡೂ ಜಾಗ ಪರೀಕ್ಷಿಸಿ, ಇರುವುದನ್ನು ಕರ್ಲ್‌ಆಪ್ಟ್_ಸಿಎಇನ್ಫೋ ಮೂಲಕ ಕೊಡಿ. ದಯವಿಟ್ಟು ವೆರಿಫಿಕೇಶನ್ ಆಫ್ ಮಾಡಿ "ಸರಿಹೋಯ್ತು" ಅನ್ನಬೇಡಿ.

ಮತ್ತೆ ಭದ್ರತೆ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿಯಲ್ಲಿ (ಚಿತ್ರ ಓದುವ ಲೈಬ್ರರಿ) ತೂತು ಸಿಕ್ಕಾಗ ಡಿಸ್ಟ್ರೋಗಳು ಒಂದು ಪ್ಯಾಕೇಜ್ ಬದಲಿಸಿ ಮುಗಿಸಿದವು. ಅದನ್ನು ಒಳಗೆ ನುಂಗಿಕೊಂಡಿದ್ದ ಅಪ್ಲಿಕೇಶನ್‌ಗಳೆಲ್ಲ ಒಂದೊಂದೂ ಹೊಸ ಬಿಡುಗಡೆ ಕೊಡಬೇಕಾಯಿತು. ಸ್ಟ್ಯಾಟಿಕ್ ಮಾಡಿದಿರೋ, ಆ ಲೈಬ್ರರಿಗಳ ಸಿವಿಇ (ಭದ್ರತಾ ದೋಷಗಳ) ಪಟ್ಟಿ ಇನ್ನು ನಿಮ್ಮ ಹೊಣೆ.

ಅರ್ಧವಿರಾಮ

ತುಂಬಾ ಉಪಯೋಗವಾಯಿತು. ಫೈಂಡ್_ಪ್ಯಾಕೇಜ್‌ಗೆ ಬದಲಿಸಿದೆ. ಲಿನಕ್ಸ್ ಮೆನಿಲಿನಕ್ಸ್_2_28ರಲ್ಲಿ ಕಟ್ಟಿಕೊಂಡಿತು, ನೆಲ ಈಗ 2.28. ವಿಂಡೋಸ್‌ನಲ್ಲಿ ಎಕ್ಸ್64-ವಿಂಡೋಸ್-ಸ್ಟ್ಯಾಟಿಕ್ ಟ್ರಿಪ್ಲೆಟ್ (ಯಾವ ಯಂತ್ರಕ್ಕೆ, ಹೇಗೆ ಕಟ್ಟಬೇಕೆಂಬ ವಿಸಿಪಿಕೆಜಿ ಸೆಟ್ಟಿಂಗ್) ಕೊಟ್ಟರೆ ಲಿಂಕರ್ ಹೀಗನ್ನುತ್ತದೆ: "ಎಲ್‌ಎನ್‌ಕೆ2038: ರನ್‌ಟೈಮ್‌ಲೈಬ್ರರಿ ಹೊಂದಾಣಿಕೆ ಇಲ್ಲ: ಎಂಟಿ_ಸ್ಟ್ಯಾಟಿಕ್‌ರಿಲೀಸ್ ಮೌಲ್ಯ ಎಂಡಿ_ಡೈನಮಿಕ್‌ರಿಲೀಸ್ ಜೊತೆ ಸರಿಹೋಗದು". ಮ್ಯಾಕ್ ಬಗ್ಗೆ ಯಾರಾದರೂ ಹೇಳಿ.

ಕೊಂಡಿಗಾರ

ಆ ಟ್ರಿಪ್ಲೆಟ್ ಲೈಬ್ರರಿಗಳನ್ನಷ್ಟೇ ಅಲ್ಲ, ಸಿ ರನ್‌ಟೈಮನ್ನೂ ಸ್ಟ್ಯಾಟಿಕ್ ಮಾಡುತ್ತದೆ (/ಎಂಟಿ). ನಿಮ್ಮ ಕೋಡ್ ಸಿಮೇಕ್‌ನ ಡಿಫಾಲ್ಟ್ /ಎಂಡಿಯಲ್ಲಿದೆ. ಎರಡು ದಾರಿ. ಲೈಬ್ರರಿ ಸ್ಟ್ಯಾಟಿಕ್, ರನ್‌ಟೈಮ್ ಡೈನಮಿಕ್ ಇರಲಿ ಅಂದರೆ ಎಕ್ಸ್64-ವಿಂಡೋಸ್-ಸ್ಟ್ಯಾಟಿಕ್-ಎಂಡಿ ಟ್ರಿಪ್ಲೆಟ್. ಪೂರ್ತಿ ಒಂದೇ ಇಎಕ್ಸ್‌ಇ ಬೇಕಿದ್ದರೆ ಈಗಿನ ಟ್ರಿಪ್ಲೆಟ್ ಇಟ್ಟುಕೊಂಡು ಸಿಮೇಕ್_ಎಂಎಸ್‌ವಿಸಿ_ರನ್‌ಟೈಮ್_ಲೈಬ್ರರಿಗೆ ಮಲ್ಟಿಥ್ರೆಡೆಡ್ ಕೊಡಿ, ಡೀಬಗ್‌ಗೆ ಅದರ ಡೀಬಗ್ ರೂಪ. ಈ ವೇರಿಯಬಲ್ ಬಂದದ್ದು 3.15ರಲ್ಲಿ, ಸಿಎಂಪಿ0091 ಪಾಲಿಸಿಯ ಜೊತೆ. ನಿಮ್ಮ ಮರದಲ್ಲಿ ಇನ್ನೂ ಯಾವುದಾದರೂ ಸಬ್‌ಡೈರೆಕ್ಟರಿ ಉಳಿದಿದ್ದು, ಅದರ ಸಿಮೇಕ್_ಮಿನಿಮಮ್_ರಿಕ್ವೈರ್ಡ್ 3.15ಕ್ಕಿಂತ ಕಡಿಮೆ ಎಂದಿದ್ದರೆ, ಅಲ್ಲಿ ಈ ವೇರಿಯಬಲ್‌ಗೆ ಕಿವಿ ಕೇಳಿಸುವುದಿಲ್ಲ, ಮತ್ತೆ ಅದೇ 2038. ಸಿಮೇಕ್_ಪಾಲಿಸಿ_ಡಿಫಾಲ್ಟ್_ಸಿಎಂಪಿ0091=ನ್ಯೂ ಎಂದು ಹೊರಗಿಂದ ಕೊಟ್ಟರೆ ಸರಿಯಾಗುತ್ತದೆ. (ಅಂಥ ಹಳೆಯ ಮಿನಿಮಮ್ 3.5ಕ್ಕೂ ಕೆಳಗಿದ್ದರೆ ಸಿಮೇಕ್ 4 ಕಾನ್ಫಿಗರ್ ಮಾಡಲೇ ಒಪ್ಪುವುದಿಲ್ಲ. ಸಿಮೇಕ್_ಪಾಲಿಸಿ_ವರ್ಷನ್_ಮಿನಿಮಮ್=3.5 ಕೊಟ್ಟು ಸದ್ಯಕ್ಕೆ ದಾಟಬಹುದು.)

2038 ಬೈಗುಳ ಅಲ್ಲ, ಕಾಪಾಡುವ ಎರರ್. ಅದು ಸ್ಟ್ಯಾಟಿಕ್ ಲಿಂಕ್‌ನಲ್ಲಿ ಮಾತ್ರ ಬರುತ್ತದೆ. ಡಿಎಲ್‌ಎಲ್ ಒಂದು ರನ್‌ಟೈಮ್‌ನಲ್ಲಿ, ಪ್ರೋಗ್ರಾಮ್ ಇನ್ನೊಂದರಲ್ಲಿ ಇದ್ದರೆ ಲಿಂಕರ್ ಸುಮ್ಮನಿರುತ್ತದೆ. ಲಿಬ್‌ಪಿಎನ್‌ಜಿಯ ಪಿಎನ್‌ಜಿ_ಇನಿಟ್_ಐಓ ನೋಡಿ: ಅದಕ್ಕೆ ನೀವು ಕೊಡೋದು ಎಫ್‌ಓಪನ್‌ನಿಂದ ಬಂದ ಫೈಲ್ ಪಾಯಿಂಟರ್. ಅದು ನಿಮ್ಮ ರನ್‌ಟೈಮ್‌ನ ಒಳಗಿನ ವಸ್ತು, ಡಿಎಲ್‌ಎಲ್‌ನ ರನ್‌ಟೈಮ್‌ಗೆ ಅದರ ಪರಿಚಯವೇ ಇಲ್ಲ, ಮೊದಲ ಓದಿನಲ್ಲೇ ಕ್ರ್ಯಾಶ್. ಪಿಎನ್‌ಜಿ_ಸೆಟ್_ರೀಡ್_ಎಫ್‌ಎನ್ ಕೊಟ್ಟು ಓದುವ ಕೆಲಸ ನಿಮ್ಮ ಕಡೆಯೇ ಇಟ್ಟುಕೊಂಡರೆ ಈ ತಕರಾರು ಮೂರೂ ಪ್ಲಾಟ್‌ಫಾರ್ಮ್‌ನಲ್ಲಿ ಇರುವುದಿಲ್ಲ. ಮೆಮೊರಿಗೂ ಇದೇ ನ್ಯಾಯ: ಯಾರು ಕೊಟ್ಟರೋ ಅವರ ಫ್ರೀ ಫಂಕ್ಷನ್ನೇ ಕರೆಯಬೇಕು.

ಡೈನಮಿಕ್ ಆಗಿಯೇ ಸಾಗಿಸುವುದಾದರೆ, ವಿಸಿಪಿಕೆಜಿ ಡಿಎಲ್‌ಎಲ್‌ಗಳನ್ನು ಬಿಲ್ಡ್ ಡೈರೆಕ್ಟರಿಗೆ ನಕಲು ಮಾಡಿಕೊಡುತ್ತದೆ, ಇನ್‌ಸ್ಟಾಲ್ ಡೈರೆಕ್ಟರಿಗಲ್ಲ. "ನನ್ನಲ್ಲಿ ಓಡುತ್ತೆ, ಝಿಪ್‌ನಲ್ಲಿ ಇಲ್ಲ" ಬರೋದು ಇಲ್ಲಿಂದ. ಸಿಮೇಕ್ 3.21ರ ರನ್‌ಟೈಮ್_ಡಿಪೆಂಡೆನ್ಸಿ_ಸೆಟ್ ಬಳಸಿ ಇನ್‌ಸ್ಟಾಲ್ ಮಾಡಿ. ಎಪಿಐ-ಎಂಎಸ್, ಎಕ್ಸ್‌ಟಿ-ಎಂಎಸ್ ಎಂದು ಶುರುವಾಗುವವನ್ನೂ ಸಿಸ್ಟಮ್32ರಲ್ಲಿ ಇರುವವನ್ನೂ ಹೊರಗಿಡಿ. ಬಳಕೆದಾರರು ಕಾಣೆ ಅನ್ನುತ್ತಿರುವ ಡಿಎಲ್‌ಎಲ್ ವಿಸಿರನ್‌ಟೈಮ್140_1 ಆಗಿದ್ದರೆ ಅದು ನಿಮ್ಮ ಲೈಬ್ರರಿಯೇ ಅಲ್ಲ, ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಇಲ್ಲ ಎಂದರ್ಥ. ಎರರ್ 0ಎಕ್ಸ್‌ಸಿ000007ಬಿ ಬಂದರೆ ಹೆಚ್ಚಾಗಿ 32 ಬಿಟ್, 64 ಬಿಟ್ ಬೆರೆತಿವೆ.

ಕರ್ಲ್ ಅನ್ನು ವಿಂಡೋಸ್‌ನಲ್ಲಿ ಎಸ್‌ಚಾನೆಲ್ (ವಿಂಡೋಸ್‌ನದೇ ಎನ್‌ಕ್ರಿಪ್ಶನ್ ಭಾಗ) ಜೊತೆ ಕಟ್ಟಿ. ಓಪನ್‌ಎಸ್‌ಎಸ್‌ಎಲ್ಲೂ ಬೇಡ, ಸರ್ಟಿಫಿಕೇಟ್ ಫೈಲೂ ಬೇಡ, ವಿಂಡೋಸ್‌ನದೇ ಭಂಡಾರ ಸಾಕು. ಇಲ್ಲದ ಡಿಪೆಂಡೆನ್ಸಿಯಷ್ಟು ಚೆನ್ನಾಗಿ ಮ್ಯಾನೇಜ್ ಆಗೋದು ಬೇರೆ ಇಲ್ಲ.

ಇಬ್ಬಗೆ

ಮ್ಯಾಕ್ ಕಡೆ ಮೊದಲು ಅದನ್ನೇ ಮುಂದುವರಿಸುತ್ತೇನೆ: ಝಡ್‌ಲಿಬ್, ಕರ್ಲ್, ಎಸ್‌ಕ್ಯೂಲೈಟ್ ಮೂರೂ ಮ್ಯಾಕ್‌ಓಎಸ್‌ನಲ್ಲೇ ಇವೆ, ಎಸ್‌ಡಿಕೆಯಲ್ಲಿ ಹೆಡರ್ ಇದೆ. ಅವುಗಳಿಗೆ ಸಿಸ್ಟಮ್‌ನದೇ ಬಳಸಿದರೆ ಉಳಿಯೋದು ಪಿಎನ್‌ಜಿ, ಫ್ರೀಟೈಪ್. ಮ್ಯಾನಿಫೆಸ್ಟ್‌ನಲ್ಲಿ ಆ ಮೂರಕ್ಕೆ "ಪ್ಲಾಟ್‌ಫಾರ್ಮ್": "!ಓಎಸ್‌ಎಕ್ಸ್" ಎಂದು ಹಾಕಿ. ಪಿಎನ್‌ಜಿಗೆ ಬೇಕೆಂದು ವಿಸಿಪಿಕೆಜಿ ತನ್ನ ಝಡ್‌ಲಿಬ್ ಹೇಗೂ ತರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ನೀವು ಕೂಡ ಆಗ ಅದನ್ನೇ ಲಿಂಕ್ ಮಾಡುತ್ತೀರಿ.

ಹೋಮ್‌ಬ್ರೂ ಡೆವಲಪರ್‌ನ ಯಂತ್ರಕ್ಕೆ, ಹಂಚುವ ಬೈನರಿಗೆ ಅಲ್ಲ. ಅದರ ಬಾಟಲ್‌ಗಳು (ಮೊದಲೇ ಕಟ್ಟಿಟ್ಟ ಪ್ಯಾಕೇಜ್) ಆಯಾ ಮ್ಯಾಕ್‌ಓಎಸ್ ಆವೃತ್ತಿಗೇ ಕಟ್ಟಿದವು. ನೀವು 11.0 ಗುರಿ ಇಟ್ಟು ಕಂಪೈಲ್ ಮಾಡಿದರೂ ಲಿಂಕ್ ಆದ ಡೈಲಿಬ್ (ಮ್ಯಾಕ್‌ನ ಡೈನಮಿಕ್ ಲೈಬ್ರರಿ) ಹೊಸ ಓಎಸ್ ಕೇಳುತ್ತದೆ. ಲಿಂಕರ್ ಇದನ್ನು "ಹೊಸ ಆವೃತ್ತಿಗೆ ಕಟ್ಟಿದ ಡೈಲಿಬ್" ಎಂದು ವಾರ್ನಿಂಗ್ ಆಗಿ ಮಾತ್ರ ಹೇಳುತ್ತದೆ, ಸಿಐ ಲಾಗ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ. ವಿಸಿಪಿಕೆಜಿಯ ಆರ್ಮ್64-ಓಎಸ್‌ಎಕ್ಸ್ ಟ್ರಿಪ್ಲೆಟ್ ಫೈಲನ್ನು ನಿಮ್ಮ ರೆಪೊಗೆ ನಕಲು ಮಾಡಿ, ವಿಸಿಪಿಕೆಜಿ_ಓಎಸ್‌ಎಕ್ಸ್_ಡಿಪ್ಲಾಯ್‌ಮೆಂಟ್_ಟಾರ್ಗೆಟ್ 11.0 ಎಂದು ಒಂದು ಸಾಲು ಸೇರಿಸಿ, ಓವರ್‌ಲೇ ಟ್ರಿಪ್ಲೆಟ್ ಆಗಿ ಕೊಡಿ. ನಿಮ್ಮ ಕೋಡ್‌ಗೆ ಅದೇ ಅಂಕಿ ಸಿಮೇಕ್_ಓಎಸ್‌ಎಕ್ಸ್_ಡಿಪ್ಲಾಯ್‌ಮೆಂಟ್_ಟಾರ್ಗೆಟ್‌ನಲ್ಲಿ, ಪ್ರಾಜೆಕ್ಟ್ ಎಂಬ ಸಾಲಿಗಿಂತ ಮೊದಲು ಅಥವಾ ಪ್ರಿಸೆಟ್‌ನಲ್ಲಿ. ನಂತರ ಹಾಕಿದರೆ ಹಾಕಿದಂತೆ ಅಲ್ಲ. ಓಟೂಲ್ "-ಎಲ್" (ಸಣ್ಣಕ್ಷರ) ಕೊಟ್ಟರೆ ಬರುವ ಮಿನ್‌ಓಎಸ್ ಸಾಲಿನಲ್ಲಿ ಪರೀಕ್ಷಿಸಿ.

ಹೋಮ್‌ಬ್ರೂ ಬಿಟ್ಟೆ ಅಂದುಕೊಂಡರೂ ಸಿಮೇಕ್ ಬಿಡುವುದಿಲ್ಲ, /ಆಪ್ಟ್/ಹೋಮ್‌ಬ್ರೂ ಒಳಗೆ ತಾನಾಗಿಯೇ ಇಣುಕುತ್ತದೆ. ಸಿಮೇಕ್_ಇಗ್ನೋರ್_ಪ್ರಿಫಿಕ್ಸ್_ಪಾತ್‌ನಲ್ಲಿ (3.23ರಿಂದ) ಅದನ್ನೂ /ಯುಎಸ್‌ಆರ್/ಲೋಕಲ್ ಅನ್ನೂ ಹಾಕಿ. ಸಿಮೇಕ್_ಫೈಂಡ್_ಫ್ರೇಮ್‌ವರ್ಕ್ ಅನ್ನು ಲಾಸ್ಟ್ ಮಾಡಿ. ಡಿಫಾಲ್ಟ್‌ನಲ್ಲಿ ಫ್ರೇಮ್‌ವರ್ಕ್‌ಗೇ ಮೊದಲ ಮಣೆ. ಯಂತ್ರದಲ್ಲಿ ಮೋನೋ ಫ್ರೇಮ್‌ವರ್ಕ್ ಇದ್ದರೆ ಅದರೊಳಗಿನ ಹಳೆಯ ಪಿಎನ್‌ಜಿ ಹೆಡರ್ ಸಿಕ್ಕಿ, ಲಿಂಕ್ ಆಗೋದು 1.6ಕ್ಕೆ. ಕಂಪೈಲ್ ಸಲೀಸು, ಲಿಂಕ್ ಸಲೀಸು, ಓಡಿಸಿದಾಗ ಲಿಬ್‌ಪಿಎನ್‌ಜಿಯೇ "ಕಟ್ಟಿದ್ದು ಒಂದು ಆವೃತ್ತಿಗೆ, ಓಡುತ್ತಿರುವುದು ಇನ್ನೊಂದರಲ್ಲಿ" ಎಂದು ದೂರುತ್ತದೆ. ಯಾವ ಫೈಲ್ ಎಲ್ಲಿಂದ ಸಿಕ್ಕಿತು ಎಂದು ನೋಡಲು ಡೀಬಗ್-ಫೈಂಡ್ ಆಯ್ಕೆ ಕೊಟ್ಟು ಕಾನ್ಫಿಗರ್ ಮಾಡಿ.

ಓಎಸ್‌ಎಕ್ಸ್ ಟ್ರಿಪ್ಲೆಟ್‌ಗಳು ಡಿಫಾಲ್ಟ್ ಆಗಿ ಸ್ಟ್ಯಾಟಿಕ್, ಹಾಗಾಗಿ ಇನ್‌ಸ್ಟಾಲ್ ನೇಮ್ (ಡೈಲಿಬ್ ಒಳಗೆ ಬರೆದಿರುವ ಅದರ ಪಾತ್) ಗೋಜಲು ನಿಮಗೆ ಬರಲಿಕ್ಕಿಲ್ಲ. ಡೈಲಿಬ್ ಒಯ್ಯುವುದಾದರೆ: ಓಟೂಲ್ ದೊಡ್ಡಕ್ಷರದ "-ಎಲ್" ತೋರಿಸುವ ಪಟ್ಟಿಯಲ್ಲಿ @ಆರ್‌ಪಾತ್, /ಯುಎಸ್‌ಆರ್/ಲಿಬ್, /ಸಿಸ್ಟಮ್/ಲೈಬ್ರರಿ ಈ ಮೂರರಿಂದ ಶುರುವಾಗುವವು ಮಾತ್ರ ಇರಬೇಕು. ಇನ್‌ಸ್ಟಾಲ್_ನೇಮ್_ಟೂಲ್‌ನಿಂದ ಹೆಸರು ತಿದ್ದಿದರೆ ಕೋಡ್ ಸಹಿ ಕೆಡುತ್ತದೆ. ಆಪಲ್ ಸಿಲಿಕಾನ್‌ನಲ್ಲಿ ಸಹಿ ಕೆಟ್ಟ ಬೈನರಿಯನ್ನು ಕರ್ನೆಲ್ ಮಾತೇ ಆಡದೆ "ಕಿಲ್ಡ್: 9" ಎಂದು ಮುಗಿಸುತ್ತದೆ. ತಿದ್ದುಪಡಿ ಎಲ್ಲ ಮುಗಿಸಿ, ಒಳಗಿನ ಡೈಲಿಬ್‌ಗಳಿಂದ ಶುರುಮಾಡಿ ಹೊರಗಿನ ಆ್ಯಪ್‌ವರೆಗೆ ಮತ್ತೆ ಸಹಿ ಹಾಕಿ.

ಇಂಟೆಲ್, ಆರ್ಮ್ ಎರಡೂ ಒಂದೇ ಬೈನರಿಯಲ್ಲಿ ಬೇಕಿದ್ದರೆ ಎರಡು ಟ್ರಿಪ್ಲೆಟ್‌ನಲ್ಲಿ ಬೇರೆ ಬೇರೆ ಕಟ್ಟಿ ಕೊನೆಗೆ ಲೈಪೋದಿಂದ ಬೆಸೆಯಿರಿ. ಒಂದೇ ಏಟಿಗೆ ಎರಡೂ ಆರ್ಕಿಟೆಕ್ಚರ್ ಕೊಡುವ ವಿಧಾನ ಪ್ರೊಸೆಸರ್‌ಗೆ ತಕ್ಕ ಅಸೆಂಬ್ಲಿ ಇರುವ ಲೈಬ್ರರಿಗಳಲ್ಲಿ ಎಡವುತ್ತದೆ.

ಅರ್ಧವಿರಾಮ

ಸ್ಟ್ಯಾಟಿಕ್-ಎಂಡಿ ಕೊಟ್ಟೆ, 2038 ಹೋಯಿತು. ಮ್ಯಾಕ್‌ನಲ್ಲಿ ಮಿನ್‌ಓಎಸ್ ಈಗ 11.0 ತೋರಿಸುತ್ತಿದೆ. ಒಂದೇ ಅನುಮಾನ: ನಮಗೆ ಎಸ್‌ಕ್ಯೂಲೈಟ್‌ನಲ್ಲಿ ಎಫ್‌ಟಿಎಸ್5 (ಪಠ್ಯ ಹುಡುಕಾಟದ ಭಾಗ) ಬೇಕು. ಸಿಸ್ಟಮ್‌ನದಕ್ಕೆ ಬಿಟ್ಟರೆ ಅದು ಇರುತ್ತೆ ಅಂತ ಏನು ಗ್ಯಾರಂಟಿ?

ಪೊಟ್ಟಣ

ಗ್ಯಾರಂಟಿ ಇಲ್ಲ, ಆವೃತ್ತಿ ಅಂಕಿ ಅದನ್ನು ಹೇಳುವುದೂ ಇಲ್ಲ. ಎಸ್‌ಕ್ಯೂಲೈಟ್‌ನ ಸೌಲಭ್ಯಗಳು ಕಟ್ಟಿದವರ ಆಯ್ಕೆ. ಆಪಲ್‌ನದರಲ್ಲಿ ಎಕ್ಸ್‌ಟೆನ್ಶನ್ ಲೋಡ್ ಮಾಡುವ ಭಾಗವೇ ತೆಗೆದಿದೆ, ನಿಮಗೆ ಅದು ಬೇಕಿದ್ದರೆ ಮ್ಯಾಕ್‌ನಲ್ಲೂ ವಿಸಿಪಿಕೆಜಿಯಿಂದಲೇ ತರಬೇಕು, ಮ್ಯಾನಿಫೆಸ್ಟ್‌ನಲ್ಲಿ ಎಫ್‌ಟಿಎಸ್5 ಫೀಚರ್ ಹಾಕಿ. ಸಿಸ್ಟಮ್‌ನದನ್ನು ಬಳಸುವ ಕಡೆ, ಪ್ರೋಗ್ರಾಮ್ ಶುರುವಾಗುವಾಗ ಎಸ್‌ಕ್ಯೂಲೈಟ್3_ಕಂಪೈಲ್‌ಆಪ್ಶನ್_ಯೂಸ್ಡ್‌ಗೆ "ಎನೇಬಲ್_ಎಫ್‌ಟಿಎಸ್5" ಕೊಟ್ಟು ಕೇಳಿ. ಸೊನ್ನೆ ಬಂದರೆ ಹುಡುಕಾಟದ ಭಾಗವನ್ನು ಆಫ್ ಮಾಡಿ, ಯಾಕೆಂದು ಲಾಗ್‌ನಲ್ಲಿ ಒಂದು ಸಾಲು ಬರೆಯಿರಿ. ಇದೇ ಪರೀಕ್ಷೆ ನಿಮ್ಮ ಟೆಸ್ಟ್‌ಗಳಲ್ಲೂ ಇದ್ದರೆ ಪ್ಯಾಕೇಜ್ ಕಟ್ಟುವಾಗಲೇ ನಮಗೆ ಗೊತ್ತಾಗುತ್ತದೆ, ಬಳಕೆದಾರರ ಇಶ್ಯೂ ನಿಮ್ಮ ತನಕ ಬರಲ್ಲ.